ಪಳಗಿದ ಕಿವಿ, ಸವೆಯುವ ಕಿವಿ

ರಾಮನವಮಿ ಉತ್ಸವದ ಚಪ್ಪರ. ಕಛೇರಿ ಶುರುವಾಗಿ ಐದು ನಿಮಿಷವೂ ಆಗಿಲ್ಲ, ವರ್ಣ ಇನ್ನೂ ಚರಣಕ್ಕೆ ಬಂದಿಲ್ಲ. ಗಾಯಕರು ಹಾಡುತ್ತಲೇ ತೋರುಬೆರಳು ಮೇಲೆತ್ತಿ ಮೈಕ್‌ಸೆಟ್‌ನವರ ಕಡೆ ಸನ್ನೆ ಮಾಡುತ್ತಾರೆ: ನನ್ನ ಮಾನಿಟರ್ ಇನ್ನೂ ಸ್ವಲ್ಪ. ಕೊಟ್ಟದ್ದಾಯಿತು. ಈಗ ಪಿಟೀಲಿನವರಿಗೆ ತಮ್ಮ ನಾದ ತಮಗೇ ಕೇಳಿಸದು. ಅವರ ಕಮಾನಿನ ತುದಿ ಮೇಲಕ್ಕೆ ಆಡುತ್ತದೆ. ಮೃದಂಗದವರು ಸಿಕ್ಕ ಬಿಡುವಿನಲ್ಲಿ ಗದ್ದ ಎತ್ತಿ ತಮ್ಮ ಮುಂದಿನ ಮಾನಿಟರ್ ಪೆಟ್ಟಿಗೆ ತೋರಿಸುತ್ತಾರೆ. ಅದೂ ಏರುತ್ತದೆ. ಅಷ್ಟರಲ್ಲಿ ಗಾಯಕರ ಬೆರಳು ಮತ್ತೆ ಮೇಲೆ. ತನಿ ಆವರ್ತನದ ಹೊತ್ತಿಗೆ ಮುಂದಿನ ಸಾಲಿನ ಹಿರಿಯರೊಬ್ಬರು ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು, "ಸ್ವಲ್ಪ ಕಡಿಮೆ ಮಾಡ್ರೀ ಅದನ್ನ" ಎಂದು ಗೊಣಗುತ್ತಾರೆ. ಸಾಲದಿದ್ದರೆ ಎದ್ದು ಹಿಂದಿನ ಸಾಲಿಗೂ ಹೋದಾರು. ವೇದಿಕೆಯ ಮೇಲೆ ಕೂತವರಿಗೆ ಆ ಸೌಕರ್ಯವಿಲ್ಲ.

ತಂಬೂರಿಯ ಮಣಿಯನ್ನು ಕೂದಲೆಳೆಯಷ್ಟು ಸರಿಸಿ ಪಂಚಮವನ್ನು ಷಡ್ಜಕ್ಕೆ ಹೊಂದಿಸಬಲ್ಲ ಕಿವಿಗಳು ಇವು. ಶ್ರುತಿ ಒಂದಿಷ್ಟು ಕದಲಿದರೂ ಮುಖ ಕಿವುಚುವವರು ಇವರು. ಅಂಥವರೇ ಸಂಜೆಯಿಂದ ಸಂಜೆಗೆ, ವರ್ಷದಿಂದ ವರ್ಷಕ್ಕೆ, ಕಾರ್ಖಾನೆಯಲ್ಲಾದರೆ ಕಿವಿಗೆ ರಕ್ಷಣೆ ಕೊಡಬೇಕಾದಷ್ಟು ಸದ್ದಿನ ನಡುವೆ ಕೂರುತ್ತಾರೆ. ಸಂಗೀತಗಾರರ ಕಿವಿ ನಮ್ಮದಕ್ಕಿಂತ ಚುರುಕು ಎಂಬುದು ಎಲ್ಲರಿಗೂ ಗೊತ್ತು. ಆ ಚುರುಕುತನ ಎಲ್ಲಿದೆ, ಅದು ಕಿವಿಯನ್ನು ಕಾಯುತ್ತದೆಯೇ ಎಂಬುದು ಮಾತ್ರ ಅರ್ಧಂಬರ್ಧ ಗೊತ್ತು.

ಚುರುಕು ಇರುವುದು ಕಿವಿಯಲ್ಲಲ್ಲ

ಶ್ರವಣ ಪರೀಕ್ಷೆಯ ಕೋಣೆಯಲ್ಲಿ ವಿದ್ವಾಂಸರನ್ನೂ ಬ್ಯಾಂಕ್ ಗುಮಾಸ್ತರನ್ನೂ ಅಕ್ಕಪಕ್ಕ ಕೂರಿಸಿ ಹೆಡ್‌ಫೋನ್ ಹಾಕಿದರೆ, ಅತಿ ಮೆಲ್ಲನೆಯ 'ಬೀಪ್' ಕೇಳಿಸಿಕೊಳ್ಳುವುದರಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಂಗೀತ ಕಲಿತದ್ದಕ್ಕೆ ಕಿವಿಗೆ ಹೊಸ ಶಕ್ತಿ ಬರುವುದಿಲ್ಲ. ವ್ಯತ್ಯಾಸ ಕಾಣುವುದು ಕೇಳಿಸಿದ್ದನ್ನು ವಿಂಗಡಿಸುವಾಗ.

ಎರಡು ಸ್ವರಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಗುರುತಿಸುವ ಪರೀಕ್ಷೆಯೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದವರು ಇತರರಿಗಿಂತ ಆರು ಪಟ್ಟು ಸಣ್ಣ ಅಂತರವನ್ನೂ ಹಿಡಿದರು. ಇಷ್ಟಕ್ಕೇ ಬಿಟ್ಟರೆ ನಾವೆಲ್ಲ ನಿರೀಕ್ಷಿಸಿದ ಮಾತೇ. ಆದರೆ ಸಂಗೀತ ಗೊತ್ತಿಲ್ಲದವರಿಗೆ ಬರೀ ನಾಲ್ಕರಿಂದ ಎಂಟು ಗಂಟೆ ಅದೇ ಪರೀಕ್ಷೆಯ ಅಭ್ಯಾಸ ಮಾಡಿಸಿದಾಗ, ಅವರೂ ಆ ಸಂಗೀತಗಾರರ ಮಟ್ಟಕ್ಕೆ ಬಂದುಬಿಟ್ಟರು! ಹತ್ತಾರು ವರ್ಷದ ಸಾಧನೆಯನ್ನು ಇದು ಹಗುರ ಮಾಡುವುದಿಲ್ಲ. ಸಾಧನೆಯೆಂದರೆ ಎರಡು ಸ್ವರದ ಅಂತರ ಹಿಡಿಯುವುದೊಂದೇ ಅಲ್ಲ. ಪಳಗುವುದು ಮಿದುಳು ಎಂಬುದಕ್ಕೆ ಮಾತ್ರ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಹೊರಗಿವಿ, ಒಳಗಿವಿ ಎಲ್ಲರಿಗೂ ಒಂದೇ. ಅಲ್ಲಿಂದ ಹೊರಟ ಸುದ್ದಿಯನ್ನು ಓದುವ ರೂಢಿ ಬೇರೆ.

ವಯಸ್ಸಾದ ಮೇಲೆ ಈ ರೂಢಿ ನೆರವಿಗೆ ಬರುತ್ತದೆ. ಕೆನಡಾದ ಟೊರಾಂಟೊದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ವರ್ಷದ ಸಂಗೀತಗಾರರು ಗದ್ದಲದ ನಡುವೆ ಮಾತನ್ನು ಹಿಡಿಯುವುದರಲ್ಲಿ ಸಂಗೀತ ಕಲಿಯದ 50 ವರ್ಷದವರಿಗೆ ಸಮನಾಗಿದ್ದರು. ಗಮನಿಸಬೇಕಾದ್ದೆಂದರೆ, ಮೆಲ್ಲನೆಯ ಬೀಪ್ ಕೇಳಿಸಿಕೊಳ್ಳುವ ಪರೀಕ್ಷೆಯಲ್ಲಿ ಅವರಿಗೆ ಯಾವ ಅನುಕೂಲವೂ ಕಾಣಲಿಲ್ಲ. ಕಿವಿ ವಯಸ್ಸಿಗೆ ತಕ್ಕಂತೆ ಮಾಗಿತ್ತು, ಬಂದಷ್ಟನ್ನು ಜೋಡಿಸಿಕೊಳ್ಳುವ ಜಾಣ್ಮೆ ಉಳಿದಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. ಸಂತೆಯ ಗದ್ದಲದಲ್ಲೂ ಸಂಗೀತಗಾರರಿಗೆ ಮಾತು ಚೆನ್ನಾಗಿ ಕೇಳುತ್ತದೆ ಎಂದು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರಾಸ್ ಅವರ ತಂಡ 2009ರಿಂದ ಹೇಳುತ್ತ ಬಂತು. ಆಮೇಲೆ ಬೇರೆ ಕಡೆ ನಡೆದ ಕೆಲವು ಪರೀಕ್ಷೆಗಳಲ್ಲಿ ಆ ಅನುಕೂಲ ಕಾಣಲೇ ಇಲ್ಲ. ಮಕ್ಕಳನ್ನು ಸಂಗೀತಕ್ಕೆ ಸೇರಿಸಿದರೆ ಬುದ್ಧಿ ಬೆಳೆಯುತ್ತದೆ, ಕಿವಿ ಗಟ್ಟಿಯಾಗುತ್ತದೆ ಎಂದು ಫಲಕ ಹಾಕುವ ಶಾಲೆಗಳು ಈ ಎರಡನೇ ಭಾಗವನ್ನು ಹೇಳುವುದಿಲ್ಲ. ಮಕ್ಕಳಿಗೆ ಸಂಗೀತ ಕಲಿಸಲು ಸಂಗೀತವೇ ಸಾಕಷ್ಟು ಕಾರಣ.

ಶಂಖದೊಳಗಿನ ಕೂದಲು

ಸದ್ದು ಕಿವಿಯ ತಮಟೆಗೆ ಬಡಿದು, ಅದರ ಹಿಂದಿನ ಮೂರು ಪುಟ್ಟ ಮೂಳೆಗಳನ್ನು ಅಲುಗಿಸಿ, ಶಂಖದ ಹಾಗೆ ಸುತ್ತಿಕೊಂಡ ಕಾಕ್ಲಿಯಾಕ್ಕೆ ತಲುಪುತ್ತದೆ. ಅದರೊಳಗೆ ನೀರಿನಂಥ ದ್ರವ. ಉದ್ದಕ್ಕೂ ಹಾಸಿದ ತೆಳು ಪೊರೆಯ ಮೇಲೆ ಸಾಲಾಗಿ ನಿಂತ ಕೋಶಗಳು. ಒಂದೊಂದರ ತಲೆಯ ಮೇಲೂ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಕೂದಲಿನಂಥ ಎಳೆಗಳ ಕುಚ್ಚು. ದ್ರವ ಅಲುಗಿದಂತೆ ಕುಚ್ಚು ಬಾಗುತ್ತದೆ, ಬಾಗಿದಾಗ ನರಕ್ಕೆ ಸುದ್ದಿ ಹೋಗುತ್ತದೆ.

ಈ ಸಾಲು ಹಾರ್ಮೋನಿಯಂ ಮನೆಗಳ ಹಾಗೆ ಕ್ರಮವಾಗಿದೆ: ಶಂಖದ ಬಾಗಿಲ ಬಳಿ ತಾರದ ಸದ್ದಿನ ಕೋಶಗಳು, ಒಳತುದಿಯಲ್ಲಿ ಮಂದ್ರದವು. ಒಂದು ಕಿವಿಯಲ್ಲಿ ಮಿದುಳಿಗೆ ಸುದ್ದಿ ಒಯ್ಯುವ ಒಳಸಾಲಿನ ಕೋಶಗಳು ಸುಮಾರು 3,500. ಅವುಗಳಿಗೆ ಒತ್ತಾಸೆಯಾಗಿ, ಮೆಲ್ಲನೆಯ ಸದ್ದನ್ನು ಹಿಗ್ಗಿಸಿಕೊಡುವ ಹೊರಸಾಲಿನವು ಸುಮಾರು 12,000. ಕಣ್ಣಿನ ಕೋಶಗಳನ್ನು ಕೋಟಿಗಳಲ್ಲಿ ಎಣಿಸಬೇಕು. ಅದರ ಮುಂದೆ ಇದು ಬಡತನದ ಲೆಕ್ಕ. ಅದೂ ಹುಟ್ಟುವಾಗಲೇ ಬಂದ ಗಂಟು. ಕೋಳಿ, ಗುಬ್ಬಿಗಳಲ್ಲಿ ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುತ್ತದೆ. ಮನುಷ್ಯರಲ್ಲಿ ಹುಟ್ಟುವುದಿಲ್ಲ.

ದೊಡ್ಡ ಸದ್ದಿನಿಂದ ರಕ್ಷಿಸಲು ಪ್ರಕೃತಿ ಒಂದು ವ್ಯವಸ್ಥೆ ಮಾಡಿದೆ. ಸದ್ದು ಜೋರಾದಾಗ ನಡುಗಿವಿಯ ಒಂದು ಸಣ್ಣ ಸ್ನಾಯು ಬಿಗಿದು ಮೂಳೆಗಳ ಕುಣಿತವನ್ನು ತಗ್ಗಿಸುತ್ತದೆ. ಆದರೆ ಅದು ಬಿಗಿಯಲು ಸೆಕೆಂಡಿನ ನೂರನೇ ಕೆಲವು ಪಾಲು ಬೇಕು. ಚಂಡೆಯ ಪೆಟ್ಟು ಅಷ್ಟು ಹೊತ್ತು ಕಾಯುವುದಿಲ್ಲ. ಸ್ನಾಯು ಎಚ್ಚರಗೊಳ್ಳುವುದರೊಳಗೆ ಪೆಟ್ಟಿನ ಮೊನೆ ಒಳಗೆ ಹೋಗಿಯಾಗಿರುತ್ತದೆ.

ಡೆಸಿಬೆಲ್ ಲೆಕ್ಕದ ಮೋಸ

ಡೆಸಿಬೆಲ್ ಎಂಬ ಅಳತೆ ಕಿಲೋ, ಮೀಟರ್‌ಗಳಂತೆ ಸೀದಾ ಅಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು. ಹತ್ತು ಏರಿದರೆ ಹತ್ತು ಪಟ್ಟು. ಕೇಳುವವರಿಗೆ ಅನಿಸುವುದು ಬೇರೆ. ಹತ್ತು ಡೆಸಿಬೆಲ್ ಏರಿದಾಗ ನಮಗೆ ಹೆಚ್ಚುಕಡಿಮೆ ದುಪ್ಪಟ್ಟು ಜೋರೆನಿಸುತ್ತದೆ, ಅಷ್ಟೇ. ಒಳಗಿನ ಕೋಶಗಳ ಮೇಲೆ ಬೀಳುವುದು ಹತ್ತು ಪಟ್ಟು. ಮೂರು ಏರಿದ್ದಂತೂ 'ಸ್ವಲ್ಪ ಚೆನ್ನಾಗಾಯ್ತು' ಎನಿಸುವಷ್ಟೇ. ವೇದಿಕೆಯ ಮೇಲೆ ಬೆರಳೆತ್ತಿ ಕೇಳುವ 'ಇನ್ನೂ ಸ್ವಲ್ಪ' ಬಹುಪಾಲು ಇಷ್ಟೇ ಇರುತ್ತದೆ.

ಎಷ್ಟು ಜೋರು ಎಂಬುದರ ಜೊತೆ ಎಷ್ಟು ಹೊತ್ತು ಎಂಬುದನ್ನೂ ಸೇರಿಸಿ ಲೆಕ್ಕ ಹಾಕಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಶಿಫಾರಸು ಮಾಡಿದ ಮಿತಿ ಎಂಟು ಗಂಟೆಗೆ 85 ಡೆಸಿಬೆಲ್. ಮೂರು ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ ಗಂಟೆ. 100 ಮುಟ್ಟಿದರೆ ಕಾಲು ಗಂಟೆ. ವೇದಿಕೆಯ ಮೇಲೆ ಸರಾಸರಿ 94 ಇರುವ ಮೂರು ಗಂಟೆಯ ಕಛೇರಿಯಲ್ಲಿ ಕೂತವರು ಮೂರು ದಿನದ ಪಾಲನ್ನು ಒಂದೇ ಸಂಜೆಗೆ ಮುಗಿಸಿ ಏಳುತ್ತಾರೆ. ಬೆಳಗಿನ ಸಾಧನೆ, ಮಧ್ಯಾಹ್ನದ ಪಾಠ ಇದಕ್ಕೆ ಸೇರಿಲ್ಲ.

ಸುಶ್ರಾವ್ಯವಾದದ್ದು ಕಿವಿಗೆ ಹಾನಿ ಮಾಡೀತೇ ಎಂದು ಕೇಳುವವರಿದ್ದಾರೆ. ಕೂದಲ ಕೋಶಕ್ಕೆ ಕಾಂಬೋಜಿಯೂ ಒಂದೇ, ಕಲ್ಲು ಕೊರೆಯುವ ಯಂತ್ರವೂ ಒಂದೇ. ಅದು ಎಣಿಸುವುದು ಬಾಗಿದ್ದನ್ನು ಮಾತ್ರ.

ಜರ್ಮನಿಯಲ್ಲಿ ಆರೋಗ್ಯ ವಿಮೆಯ ದಾಖಲೆಗಳನ್ನು ಜಾಲಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ತೂಕದ್ದು. ಅದರ ಪ್ರಕಾರ ವೃತ್ತಿಪರ ಸಂಗೀತಗಾರರಿಗೆ ಸದ್ದಿನಿಂದ ಕಿವಿ ಮಂದವಾಗುವ ಸಂಭವ ಇತರರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಕಿವಿಯೊಳಗೇ ಸದ್ದು ಮೊರೆಯುವ ಕಿವಿಮೊರೆತದ ಸಂಭವ ಶೇ 57ರಷ್ಟು ಹೆಚ್ಚು.

ಗಟ್ಟಿಮೇಳದ ಪಕ್ಕದಲ್ಲಿ

ಎಲ್ಲ ವಾದ್ಯದವರ ಪಾಡೂ ಒಂದೇ ಅಲ್ಲ. ಗದ್ದದಡಿ ಪಿಟೀಲು ಹಿಡಿಯುವ ಪಾಶ್ಚಾತ್ಯ ವಾದಕರಿಗೆ ಅದರ ಒಡಲು ಎಡಗಿವಿಯ ಬುಡದಲ್ಲೇ ಇರುತ್ತದೆ. ಅವರಲ್ಲಿ ಎಡಗಿವಿ ಹೆಚ್ಚು ಸವೆದಿರುವುದು ವೈದ್ಯರಿಗೆ ಹಳೆಯ ಸುದ್ದಿ. ನಮ್ಮವರು ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಹಿಮ್ಮಡಿಯ ಬಳಿ ಊರಿ, ಬುಡವನ್ನು ಎದೆಗೆ ಒತ್ತಿ ನುಡಿಸುತ್ತಾರೆ. ನಾದ ಹೊರಡುವ ಜಾಗ ಕಿವಿಯಿಂದ ಅಷ್ಟು ದೂರವಾಯಿತು. ಕಿವಿಗಾಗಿ ಯಾರೂ ಹೀಗೆ ಕೂರಲಿಲ್ಲ, ಗಮಕಕ್ಕಾಗಿ ಕೂತರು, ಕಿವಿಗೂ ಲಾಭವಾಯಿತು. ಎದುರಿಗೆ ಮಾನಿಟರ್ ಬಂದು ಆ ಲಾಭವನ್ನು ಕಿತ್ತುಕೊಂಡಿತು ಎನ್ನುವುದು ಬೇರೆ ಮಾತು.

ಈ ವಿಷಯ ಬಂದಾಗ ಕಛೇರಿಯ ವಿದ್ವಾಂಸರ ಕಡೆಗೇ ನಮ್ಮ ಗಮನ ಹೋಗುತ್ತದೆ. ನನಗೆ ಹೆಚ್ಚು ಚಿಂತೆಯೆನಿಸುವುದು ಓಲಗದವರದು. ಕಲ್ಯಾಣ ಮಂಟಪವನ್ನೇ ನೋಡಿ. ನೆಲಕ್ಕೆ ಗ್ರಾನೈಟ್, ಗೋಡೆಗೆ ನುಣುಪು ಬಣ್ಣ, ಸದ್ದನ್ನು ಹೀರಲು ಒಂದು ಪರದೆಯೂ ಇಲ್ಲ. ಮೂಲೆಯ ಪುಟ್ಟ ಜಗಲಿಯಲ್ಲಿ ಡೋಲು, ನಾಗಸ್ವರ, ಮುಂದೆ ಮೈಕು. ನಾಗಸ್ವರ ಗುಡಿಯ ಪ್ರಾಕಾರಕ್ಕೆ, ಬೀದಿಯ ಉತ್ಸವಕ್ಕೆಂದು ಬೆಳೆದ ವಾದ್ಯ. ಮೈಕಿಲ್ಲದೆಯೂ ಬಯಲನ್ನು ತುಂಬುವಂಥದ್ದು. ಡೋಲಿನವರ ಬಲಗೈ ಬೆರಳುಗಳಿಗೆ ಗಟ್ಟಿ ಟೋಪಿ, ಎಡಗೈಯಲ್ಲಿ ಕೋಲು. ಪುರೋಹಿತರು ಕೈ ಬೀಸಿ 'ಗಟ್ಟಿಮೇಳ, ಗಟ್ಟಿಮೇಳ' ಎಂದದ್ದೇ ತಡ, ಬೇರೆ ಯಾವ ಅಪಶಬ್ದವೂ ಕಿವಿಗೆ ಬೀಳದಂತೆ ನುಡಿಸಬೇಕು. ಗಟ್ಟಿಮೇಳ ಇರುವುದೇ ಅದಕ್ಕೆ. ಅತಿಥಿಗಳು ಅಕ್ಷತೆ ಹಾಕಿ ಊಟದ ಮನೆಗೆ ನಡೆದರು. ಮುಹೂರ್ತದ ದಿನಗಳಲ್ಲಿ ಒಂದು ಮಂಟಪದಿಂದ ಇನ್ನೊಂದಕ್ಕೆ ಓಡುವ ಆ ವಾದಕರು ಶ್ರವಣ ಪರೀಕ್ಷೆಯ ಕೋಣೆಯ ಬಾಗಿಲು ನೋಡುವುದು ಅಪರೂಪ.

ಕರಾವಳಿ, ಮಲೆನಾಡಿನ ಯಕ್ಷಗಾನ ಮೇಳಗಳ ಹಿಮ್ಮೇಳದ್ದೂ ಇದೇ ಕಥೆ. ಮಳೆಗಾಲ ಕಳೆದು ತಿರುಗಾಟ ಹೊರಟರೆ ಮುಂದಿನ ಮಳೆಗಾಲದ ಹೊಸ್ತಿಲಿನ ಪತ್ತನಾಜೆಯವರೆಗೆ ಹೆಚ್ಚುಕಡಿಮೆ ದಿನವೂ ಆಟ. ಭಾಗವತರ ಒಂದು ಮಗ್ಗುಲಲ್ಲಿ ಮದ್ದಳೆ, ಕೈಯಳತೆಯಲ್ಲಿ ಚಂಡೆ, ತಮ್ಮದೇ ಕೈಯಲ್ಲಿ ಜಾಗಟೆ ಅಥವಾ ತಾಳ. ಯುದ್ಧದ ಪ್ರಸಂಗವಾದರೆ ಬೆಳಗಿನ ಜಾವಕ್ಕೆ ಅಬ್ಬರ ಏರುತ್ತದೆ. ಇತ್ತೀಚೆಗೆ ಹಲವು ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಹೊರಳಿವೆ. ಕಲೆಗೆ ಇದು ನಷ್ಟ ಎಂದು ಹಳಬರು ಬೇಸರಪಟ್ಟಿದ್ದಾರೆ, ಬೇಸರ ಸಹಜವೇ. ಹಿಮ್ಮೇಳದವರ ಕಿವಿಯ ಲೆಕ್ಕದಲ್ಲಿ ಮಾತ್ರ ಹೊತ್ತು ಅರ್ಧವಾಯಿತೆಂದರೆ ಹೊರೆಯೂ ಅರ್ಧವಾಯಿತು.

ಗಾಯಕರು ಸುರಕ್ಷಿತ ಎಂದೇನಿಲ್ಲ. ಅವರ ಕಿವಿಗೆ ತಮ್ಮದೇ ದನಿ ಗಾಳಿಯಿಂದಲೂ ಬರುತ್ತದೆ, ತಲೆಬುರುಡೆಯ ಮೂಳೆಯ ಮೂಲಕವೂ ಬರುತ್ತದೆ. ರಸಮಂಜರಿ ತಂಡಗಳ ಕೀಬೋರ್ಡ್, ಡ್ರಮ್ ವಾದಕರ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ಪೀಕರ್ ಗೋಡೆಯ ಪಕ್ಕ ನಿಂತ ಯಾರಿಗಾದರೂ ಗೊತ್ತು.

ಜಾಣ್ಮೆಯೇ ಮುಚ್ಚಿಡುವ ನಷ್ಟ

ಸದ್ದಿನಿಂದ ಸವೆಯುವ ಕಿವಿ ಎಲ್ಲ ಸ್ವರಕ್ಕೂ ಒಟ್ಟಿಗೆ ಮಂದವಾಗುವುದಿಲ್ಲ. ಮೊದಲ ಪೆಟ್ಟು 3,000ದಿಂದ 6,000 ಹರ್ಟ್ಸ್ ನಡುವೆ, ಅದರಲ್ಲೂ 4,000ದ ಸುತ್ತ. ಹೊರಗಿವಿಯ ನಾಳದ ಉದ್ದ ಎಷ್ಟಿದೆಯೆಂದರೆ ಸುಮಾರು 3,000 ಹರ್ಟ್ಸ್‌ನ ಸದ್ದು ಅದರೊಳಗೆ ತಾನಾಗಿ ಹಿಗ್ಗುತ್ತದೆ. ಅದರ ಏಟು ಅಲ್ಲಿಂದ ಸ್ವಲ್ಪ ಮೇಲಿನ ಕೋಶಗಳಿಗೆ ತಾಗುತ್ತದೆ. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ನೇರ ಸಾಗುವ ಗೆರೆ ಅಲ್ಲಿ ಗುಂಡಿ ಬಿದ್ದು ಮತ್ತೆ ಮೇಲೇಳುತ್ತದೆ. ಈ ಗುಂಡಿ ಕಂಡ ಕೂಡಲೇ ತಜ್ಞರು ಕೇಳುವ ಮೊದಲ ಪ್ರಶ್ನೆ: ಏನು ಕೆಲಸ ಮಾಡುತ್ತೀರಿ?

ಸಂಗೀತಗಾರರಿಗೆ ಇದು ತಿಳಿಯದೇ ಹೋಗಲು ಕಾರಣ ಇಲ್ಲೇ ಇದೆ. ಪಿಯಾನೋದ ಕಟ್ಟಕಡೆಯ ಮನೆಯೇ 4,186 ಹರ್ಟ್ಸ್. ನಮ್ಮ ಗಾಯಕ, ಗಾಯಕಿಯರ ತಾರಸ್ಥಾಯಿಯ ಪಂಚಮ ಸಾವಿರ ಹರ್ಟ್ಸ್ ದಾಟುವುದಿಲ್ಲ. ಅಂದರೆ ಗುಂಡಿ ಬಿದ್ದ ಜಾಗದಲ್ಲಿ ಸ್ವರಗಳೇ ಇಲ್ಲ. ಶ್ರುತಿ ಸೇರುತ್ತದೆ, ಗಮಕ ನಿಲ್ಲುತ್ತದೆ, ತಾಳ ತಪ್ಪುವುದಿಲ್ಲ. ಹೋಗುವುದು ನಾದದ ಮೇಲಂಚು: ತಂಬೂರಿಯ ತಂತಿಯಡಿ ದಾರ ಸರಿಯಾಗಿ ಕೂತಾಗ ಏಳುವ ಝೇಂಕಾರ, ಮೃದಂಗದ ಚಾಪಿನ ಮೊನೆ, ಕಮಾನು ತಂತಿಯನ್ನು ಕಚ್ಚುವಾಗಿನ ಉಸಿರು. ಹೋಗುವುದು ನಿಧಾನವಾಗಿ. ಜೊತೆಗೆ, ಆ ಝೇಂಕಾರ ಹೇಗಿರಬೇಕು ಎಂಬುದು ಮೂವತ್ತು ವರ್ಷದಿಂದ ಮಿದುಳಿಗೆ ಬಾಯಿಪಾಠ. ಕಿವಿ ಕೊಡದ್ದನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಬೇರೆಯವರು ಐವತ್ತಕ್ಕೇ ವೈದ್ಯರ ಬಳಿ ಹೋಗುವಂಥ ಕಿವಿಯನ್ನು ಇಟ್ಟುಕೊಂಡು ಪಳಗಿದ ಸಂಗೀತಗಾರರು ಅರವತ್ತರವರೆಗೂ ಸರಾಗವಾಗಿ ನಡೆಸಿಬಿಡಬಲ್ಲರು. ವಿದ್ಯೆಯೇ ರೋಗವನ್ನು ಬಚ್ಚಿಡುತ್ತದೆ.

ಸುಳಿವು ಸಿಗುವುದು ಸಾಮಾನ್ಯವಾಗಿ ಮನೆಯಲ್ಲಿ. ಸ, ಶ, ತ, ಥ, ಫ ಮೊದಲಾದ ವ್ಯಂಜನಗಳ ಗುರುತು ಇರುವುದು ಈ ಮೇಲಿನ ಭಾಗದಲ್ಲೇ. 'ಸಾರು' ಕೇಳಿದರೆ 'ಚಾರು' ಎಂದಂತಾಗುತ್ತದೆ. ಮೊಮ್ಮಕ್ಕಳ ತೆಳು ದನಿ ಗೊತ್ತಾಗುವುದಿಲ್ಲ. "ಅವಳು ಬಾಯೊಳಗೇ ಮಾತಾಡ್ತಾಳೆ" ಎಂಬ ದೂರು ಶುರುವಾಗುತ್ತದೆ. ಟಿವಿ ಏರುತ್ತದೆ. ವೇದಿಕೆಯ ಮೇಲೆ ಮಾನಿಟರ್ ಏರುತ್ತದೆ. ಏರಿದ ಮಾನಿಟರ್ ಉಳಿದದ್ದನ್ನೂ ಸವೆಸುತ್ತದೆ.

ಇನ್ನೂ ಒಂದು ಬಗೆಯ ನಷ್ಟ ನಕ್ಷೆಗೂ ಸಿಗದು. 2009ರಲ್ಲಿ ಅಮೆರಿಕದ ಬಾಸ್ಟನ್‌ನ ಶೇರಾನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳನ್ನು 100 ಡೆಸಿಬೆಲ್ ಸದ್ದಿನಲ್ಲಿ ಎರಡು ಗಂಟೆ ಇಟ್ಟರು. ಕೆಲವು ದಿನಗಳಲ್ಲಿ ಅವುಗಳ ಶ್ರವಣ ಪರೀಕ್ಷೆ ಮೊದಲಿನಂತಾಯಿತು. ಕೋಶಗಳೂ ಸರಿಯಾಗಿಯೇ ಇದ್ದವು. ಆದರೆ ಕೋಶ ಮತ್ತು ನರ ಸೇರುವ ಕೂಡುಗಳಲ್ಲಿ ಕೆಲವು ಭಾಗದಲ್ಲಿ ಅರ್ಧದಷ್ಟು ಶಾಶ್ವತವಾಗಿ ಹೋಗಿದ್ದವು. ಕಛೇರಿ ಮುಗಿದ ರಾತ್ರಿ ಕಿವಿಗೆ ಹತ್ತಿ ತುರುಕಿದಂತಿದ್ದು ಬೆಳಿಗ್ಗೆ ಸರಿಹೋದರೆ 'ಏನೂ ಆಗಿಲ್ಲ' ಎಂದುಕೊಳ್ಳುತ್ತಿದ್ದೆವು. ಆ ಧೈರ್ಯ ಈಗ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬ ಚರ್ಚೆ ಮುಗಿದಿಲ್ಲ.

ಕಿವಿ ಹೋದ ಸಂಗೀತಗಾರ ಎಂದೊಡನೆ ಬೀಥೋವನ್ ಹೆಸರು ಬರುತ್ತದೆ. ಆತನ ಕಿವುಡು ಸಂಗೀತದಿಂದ ಬಂದದ್ದಲ್ಲ, ಆದ್ದರಿಂದ ಅವನನ್ನು ಇಲ್ಲಿಗೆ ಎಳೆಯುವುದು ಬೇಡ. ಕಿವಿಮೊರೆತ ಹೇಗಿರುತ್ತದೆಂದು ಸಂಗೀತದಲ್ಲೇ ಹೇಳಿದ್ದು ಚೆಕ್ ಸಂಯೋಜಕ ಸ್ಮೆತನಾ. ಕಾಯಿಲೆಯಿಂದ 1874ರಲ್ಲಿ ಪೂರ್ತಿ ಕಿವುಡಾದ ಆತ ಎರಡು ವರ್ಷದ ನಂತರ ಬರೆದ ತಂತಿವಾದ್ಯ ಚತುಷ್ಕದ ಕೊನೆಯ ಭಾಗದಲ್ಲಿ, ಕುಣಿತದ ಗತಿ ಒಮ್ಮೆಗೇ ನಿಂತು ಒಂದೇ ಒಂದು ತಾರಸ್ವರ ಎಳೆಯಾಗಿ ಉಳಿಯುತ್ತದೆ. ತನ್ನ ಕಿವಿಯೊಳಗೆ ಮೊರೆಯುತ್ತಿದ್ದ ಸ್ವರ ಅದೇ ಎಂದು ಆತನೇ ಹೇಳಿಕೊಂಡಿದ್ದಾನೆ. ಸಂಗೀತಗಾರರಿಗೆ ಈ ಮೊರೆತ ಇಮ್ಮಡಿ ಹಿಂಸೆ: ಅದು ಯಾವ ಸ್ವರ ಎಂದು ಅವರಿಗೆ ಗೊತ್ತಾಗುತ್ತದೆ, ತಂಬೂರಿಗೆ ಅದು ಸೇರುವುದಿಲ್ಲ ಎಂದೂ ಗೊತ್ತಾಗುತ್ತದೆ. ಕೆಲವರಿಗೆ ಒಂದೇ ಸ್ವರ ಎರಡು ಕಿವಿಗೆ ಎರಡು ಶ್ರುತಿಯಲ್ಲಿ ಕೇಳಿಸುವುದೂ ಉಂಟು. ಸಾಮಾನ್ಯರು ಇದನ್ನು ಗಮನಿಸದೆಯೇ ಬದುಕಿಬಿಡುತ್ತಾರೆ. ಪಿಟೀಲಿನವರಿಗೆ ಇದು ಜೀವನೋಪಾಯದ ಪ್ರಶ್ನೆ.

ಲಂಡನ್ನಿನ ತೀರ್ಪು

2012ರ ಸೆಪ್ಟೆಂಬರ್ 1. ಲಂಡನ್ನಿನ ರಾಯಲ್ ಒಪೆರಾ ಹೌಸ್‌ನಲ್ಲಿ ಜರ್ಮನ್ ಸಂಯೋಜಕ ವಾಗ್ನರ್‌ನ ಒಪೆರಾದ ತಾಲೀಮು. ವಾದ್ಯವೃಂದ ಕೂರುವುದು ವೇದಿಕೆಯ ಮುಂದಿನ ತಗ್ಗಿನಲ್ಲಿ, ಇಕ್ಕಟ್ಟಿನಲ್ಲಿ. ವಿಯೋಲಾ ವಾದಕ ಕ್ರಿಸ್ ಗೋಲ್ಡ್‌ಶೈಡರ್ ಅವರ ಕುರ್ಚಿಯ ಬೆನ್ನಿಗೇ ಕಹಳೆಗಳ ಸಾಲು. ಸದ್ದು 130 ಡೆಸಿಬೆಲ್ ದಾಟಿತ್ತು. ಆ ತಾಲೀಮಿನ ನಂತರ ಅವರಿಗೆ ಸಣ್ಣ ಸದ್ದೂ ಸಹಿಸಲಾರದಂತಾಯಿತು. ಅಡುಗೆಯಂಥ ಮನೆಗೆಲಸಕ್ಕೂ ಕಿವಿಗೆ ರಕ್ಷಣೆ ಬೇಕಾಯಿತು. ವೃತ್ತಿ ನಿಂತಿತು. ಅವರು ಒಪೆರಾ ಹೌಸ್ ಮೇಲೆ ದಾವೆ ಹೂಡಿದರು.

ಒಪೆರಾ ಹೌಸ್ ಕಿವಿಗೆ ಹಾಕಿಕೊಳ್ಳಲು ಪ್ಲಗ್ ಕೊಟ್ಟಿತ್ತು, ಬಳಸುವುದು ಅವರವರ ವಿವೇಚನೆಗೆ ಬಿಟ್ಟಿತ್ತು. ಕಾರ್ಖಾನೆಯಲ್ಲಿ ಸದ್ದು ಕೆಲಸದ ತ್ಯಾಜ್ಯ, ಇಲ್ಲಿ ಸದ್ದೇ ಸರಕು. ಆದ್ದರಿಂದ ಅದೇ ಅಳತೆಗೋಲು ಸಲ್ಲದು ಎಂಬ ವಾದವೂ ಬಂತು. 2018ರಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ: ಬ್ರಿಟನ್ನಿನ ಶಬ್ದ ನಿಯಮಗಳು ಕಾರ್ಖಾನೆಗೂ ಒಪೆರಾಕ್ಕೂ ಒಂದೇ ಎಂದಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಒಪೆರಾ ಹೌಸಿನ ಹೊಣೆಯನ್ನು ಎತ್ತಿಹಿಡಿಯಿತು. ಎಲ್ಲರೂ ಎಲ್ಲ ಹೊತ್ತೂ ಪ್ಲಗ್ ಹಾಕಿಯೇ ನುಡಿಸಬೇಕೆಂಬುದು ಮಾತ್ರ ಆಗುಹೋಗುವ ಮಾತಲ್ಲ ಎಂದು ಸೇರಿಸಿತು. ನುಡಿಸುವವರ ಕಷ್ಟ ಆ ನ್ಯಾಯಾಧೀಶರಿಗೆ ಅರ್ಥವಾಗಿತ್ತೆನ್ನಬೇಕು.

ನಮ್ಮಲ್ಲಿ ಸದ್ದಿನ ಕಾನೂನಿಗೆ ಕೊರತೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಬೇಡ ಎನ್ನುತ್ತವೆ, ಮೈದಾನದ ಅಂಚಿನಲ್ಲಿ ಸದ್ದು ಎಷ್ಟಿರಬೇಕೆಂದೂ ಹೇಳುತ್ತವೆ. ಅವು ನೆನೆಯುವುದು ಅಂಚಿನಾಚೆಯ ನಿವಾಸಿಗಳನ್ನು. 1948ರ ಕಾರ್ಖಾನೆ ಕಾಯ್ದೆಯ ಪರಿಶಿಷ್ಟದಲ್ಲಿ ಸದ್ದಿನಿಂದ ಬರುವ ಕಿವುಡು ವರದಿ ಮಾಡಲೇಬೇಕಾದ ಔದ್ಯೋಗಿಕ ಕಾಯಿಲೆಯಾಗಿತ್ತು. ಓಲಗದವರು, ಹಿಮ್ಮೇಳದವರು ಕಾರ್ಖಾನೆಯವರಲ್ಲ. ಮೈದಾನದ ನಡುವೆ, ಸ್ಪೀಕರ್ ಪಕ್ಕ ಕೂತವರನ್ನು ಯಾವ ನಿಯಮವೂ ನೋಡಿದಂತಿಲ್ಲ.

ಪ್ಲಗ್, ಪರದೆ, ಪರೀಕ್ಷೆ

ಹತ್ತಿ ತುರುಕಿಕೊಂಡರೆ ಪ್ರಯೋಜನ ತೀರಾ ಕಡಿಮೆ. ಔಷಧದಂಗಡಿಯಲ್ಲಿ ಸಿಗುವ ಸ್ಪಂಜಿನ ಪ್ಲಗ್ ಸದ್ದನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ತಾರವನ್ನು ಹೆಚ್ಚು, ಮಂದ್ರವನ್ನು ಕಡಿಮೆ. ಎಲ್ಲ ವಾದ್ಯವೂ ಕಂಬಳಿ ಹೊದ್ದಂತೆ ಕೇಳುತ್ತದೆ. ಒಮ್ಮೆ ಹಾಕಿ ನೋಡಿ 'ಇದು ನಮಗಲ್ಲ' ಎಂದು ಬಿಟ್ಟವರು ಬಹಳ.

ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಂತು. ಕಿವಿಯ ಅಚ್ಚು ತೆಗೆದು ಮಾಡುವ ಇದರಲ್ಲಿ ಒಂದು ಪುಟ್ಟ ಸೋಸುಬಿಲ್ಲೆ ಇರುತ್ತದೆ. ಅದು ಮಂದ್ರದಿಂದ ತಾರದವರೆಗೆ ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮ, 15 ಡೆಸಿಬೆಲ್‌ನಷ್ಟು, ಇಳಿಸುತ್ತದೆ. ನಾದದ ಬಣ್ಣ ಉಳಿಯುತ್ತದೆ, ಭಾರ ಇಳಿಯುತ್ತದೆ. ಹಿಂದಿನ ಲೆಕ್ಕದಲ್ಲಿ 15 ಡೆಸಿಬೆಲ್ ಎಂದರೆ ಒಂದು ಗಂಟೆಯ ಮಿತಿ ಮೂವತ್ತೆರಡು ಗಂಟೆಯಾಯಿತು. ತೊಂದರೆ ಗಾಯಕರಿಗೂ ಊದುವವರಿಗೂ: ಕಿವಿ ಮುಚ್ಚಿದಾಗ ತಮ್ಮದೇ ದನಿ ತಲೆಯೊಳಗೆ ಗುಡುಗುತ್ತದೆ. ಅಚ್ಚನ್ನು ನಾಳದ ಒಳಗೆ ಆಳವಾಗಿ ಕೂರುವಂತೆ ಮಾಡಿದರೆ ಇದು ತಗ್ಗುತ್ತದೆ. ಸಾಧನೆಯಲ್ಲಿ ಹಾಕಿ ರೂಢಿಯಾದ ಮೇಲೆ ವೇದಿಕೆಗೆ ಒಯ್ಯುವುದು ಜಾಣತನ. ಕಛೇರಿಯ ದಿನವೇ ಮೊದಲ ಪ್ರಯೋಗ ಬೇಡ.

ಕಿವಿಯೊಳಗಿನ ಮಾನಿಟರ್ ಈಗ ಸಿನಿಮಾ ಸಂಗೀತದ ವೇದಿಕೆಗಳಲ್ಲಿ ಸಾಮಾನ್ಯ. ಹೊರಗಿನ ಸದ್ದು ತಡೆದು, ಬೇಕಾದ್ದನ್ನು ಮೆಲ್ಲಗೆ ಕೇಳುವುದು ಅದರ ಉದ್ದೇಶ. ಸಭಿಕರ ಚಪ್ಪಾಳೆ ಕೇಳಲೆಂದು ಒಂದನ್ನು ಕಿತ್ತು ನೇತುಬಿಟ್ಟರೆ, ಇನ್ನೊಂದನ್ನು ಏರಿಸಲೇಬೇಕಾಗುತ್ತದೆ. ಆಗ ಇದ್ದ ಅಪಾಯಕ್ಕೆ ಹೊಸದನ್ನು ಸೇರಿಸಿದಂತಾಯಿತು.

ದುಡ್ಡಿಲ್ಲದೆ ಆಗುವ ಕೆಲಸವೂ ಇದೆ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಮಾನಿಟರ್ ಪೆಟ್ಟಿಗೆಯನ್ನು ಸ್ವಲ್ಪ ಓರೆ ಮಾಡಿದರೂ ಪಕ್ಕದವರ ಕಿವಿ ಉಳಿದೀತು. ಕಲ್ಯಾಣ ಮಂಟಪದಲ್ಲಿ ಓಲಗಕ್ಕೆ ಮೈಕ್ ಹಾಕುವುದು ಯಾರ ಸುಖಕ್ಕೋ ತಿಳಿಯದು. ತೆಗೆದರೆ ಬೇಸರಪಡುವ ಅತಿಥಿಗಳು ಸಿಗಲಾರರು. ಕಛೇರಿಯಲ್ಲಾದರೆ ಮೊದಲ ಕೃತಿಗೆ ಮುನ್ನ ಎಲ್ಲರ ಮಾನಿಟರ್ ಇಳಿಸಿ ಶುರು ಮಾಡುವ ಪದ್ಧತಿ ಇಟ್ಟುಕೊಂಡರೆ, ಏರಿಕೆಯ ಪೈಪೋಟಿ ಕೆಳಗಿನ ಮೆಟ್ಟಿಲಿನಿಂದ ಹೊರಡುತ್ತದೆ.

ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕರ್ನಾಟಕ ಸಂಗೀತ ಕಲಿತವರ ಕಿವಿಯ ಬಗ್ಗೆ ಅಲ್ಲಿ ಅಧ್ಯಯನಗಳೂ ನಡೆದಿವೆ. ಜಿಲ್ಲಾ ಆಸ್ಪತ್ರೆಗಳ ಕಿವಿ–ಮೂಗು–ಗಂಟಲು ವಿಭಾಗದಲ್ಲೂ ಕೇಳಬಹುದು. ಹೋದಾಗ ನೀವು ಸಂಗೀತಗಾರರು ಎಂದು ಹೇಳಿ, 3,000 ಮತ್ತು 6,000 ಹರ್ಟ್ಸ್ ಎರಡನ್ನೂ ಪರೀಕ್ಷಿಸಲು ಕೇಳಬೇಕು. ಅವಸರದ ಪರೀಕ್ಷೆಯಲ್ಲಿ ಇವು ಬಿಟ್ಟುಹೋಗುವುದುಂಟು. ಹಿಂದಿನ ದಿನ ಕಛೇರಿ ಇರಬಾರದು. ದಣಿದ ಕಿವಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ನಕ್ಷೆಯನ್ನು ಎತ್ತಿಡಬೇಕು, ಏಕೆಂದರೆ ಒಂದು ನಕ್ಷೆಗಿಂತ ಐದು ವರ್ಷದ ಐದು ನಕ್ಷೆ ಹೆಚ್ಚು ಹೇಳುತ್ತವೆ. ಕಿವಿ ಪರೀಕ್ಷೆಗೆ ಹೋದದ್ದು ಹೊರಗೆ ಗೊತ್ತಾದರೆ ಅವಕಾಶ ತಪ್ಪೀತು ಎಂಬ ಅಂಜಿಕೆ ಈ ವೃತ್ತಿಯಲ್ಲಿದೆ. ಸಭೆಗಳು, ಅಕಾಡೆಮಿಗಳು ಎಲ್ಲ ಕಲಾವಿದರಿಗೂ ಒಟ್ಟಾಗಿ ಶಿಬಿರ ಮಾಡಿದರೆ ಆ ಅಂಜಿಕೆಗೆ ಎಡೆಯಿರದು.

ಕಿವಿ ಈಗಾಗಲೇ ಮಂದವಾದವರಿಗೆ ಶ್ರವಣ ಸಾಧನ ಇದೆ, ಆದರೆ ಅಂಗಡಿಯಿಂದ ತಂದದ್ದನ್ನು ಹಾಗೇ ಹಾಕಿಕೊಂಡು ಹಾಡಲು ಕೂರಬಾರದು. ಅದನ್ನು ರೂಪಿಸಿರುವುದು ಮಾತು ಕೇಳಲು. ಒಂದೇ ಸಮನೆ ಮೊಳಗುವ ಸದ್ದನ್ನು ಅದು ಫ್ಯಾನಿನ ಗದ್ದಲವೆಂದು ಬಗೆದು ತಗ್ಗಿಸುತ್ತದೆ; ತಂಬೂರಿ ಮೆಲ್ಲಗೆ ಕರಗಿ ಹೋಗುತ್ತದೆ. ಪಿಟೀಲಿನ ನೀಳ ಸ್ವರವನ್ನು ತನ್ನದೇ ಶಿಳ್ಳೆ ಎಂದು ತಿಳಿದು ಅಳಿಸಲು ಹೊರಟು, ನಾದವನ್ನು ನಡುಗಿಸುತ್ತದೆ. ಜೋರು, ಮೆಲು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಲು ನೋಡುತ್ತದೆ. ಈ ಮೂರನ್ನೂ ನಿಲ್ಲಿಸಿದ ಪ್ರತ್ಯೇಕ 'ಸಂಗೀತ' ಪ್ರೋಗ್ರಾಂ ಅನ್ನು ಬಹುತೇಕ ಡಿಜಿಟಲ್ ಸಾಧನಗಳಲ್ಲಿ ಹಾಕಿಕೊಡಬಹುದು, ಗುಂಡಿ ಒತ್ತಿ ಅದಕ್ಕೆ ಬದಲಿಸಿಕೊಳ್ಳಬಹುದು. ಹೊಂದಿಸಲು ಹೋಗುವಾಗ ವಾದ್ಯವನ್ನು ಜೊತೆಗೆ ಒಯ್ದು, ಶ್ರವಣ ತಜ್ಞರ ಎದುರಿಗೇ ನುಡಿಸಿ ನೋಡುವುದು ಒಳ್ಳೆಯದು. ಒಂದೇ ಭೇಟಿಯಲ್ಲಿ ಅದು ಸರಿಹೋಗುವುದಿಲ್ಲ, ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ.